ಕೋಲಾರ ಸೀಮೆಯ ಶಾಸನಗಳೂ ಅಂತರ್ಜಾಲವೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಚರಿತ್ರೆಯು, ಅಲ್ಲಿಯ ಮೂಲನಿವಾಸಿಗಳ ಅತಿಪ್ರಾಚೀನವಾದ ವೃತ್ತಾಂತವನ್ನು ಬಿಟ್ಟು ಬರಹದ ಆಧಾರಗಳನ್ನು ಮಾತ್ರ ಗಣಿಸುವುದಾದರೆ, ಐದಾರು ಶತಮಾನಗಳನ್ನು ಮೀರತಕ್ಕದ್ದಲ್ಲ. ಆಂಗ್ಲೇಯರ ಮೊದಲನೆಯ ಸ್ಥಿರವಸತಿಯು ಜೇಮ್ಸ್‌ಟೌನಿನಲ್ಲಿ ಏರ್ಪಟ್ಟುದು ೧೬೦೭ರಲ್ಲಿ. ಸ್ವಾತಂತ್ರ್ಯದ ಘೋಷಣಾಪತ್ರವು ಹೊರಟುದು ೧೭೭೬ರಲ್ಲಿ. ಇಷ್ಟು ಈಚಿನ ಚರಿತ್ರೆಯಾದರೂ ಅದನ್ನು ಕಲಿಸುವುದಕ್ಕೆ ಆ ದೇಶದವರು ಒದಗಿಸಿಕೊಂಡಿರುವ ಸಾಮಗ್ರಿಯನ್ನು ನೋಡಿದರೆ ಆಶ್ಚರ್ಯವಾಗದಿರದು. ಅಲ್ಲಿಯ ಕಾಂಗ್ರೆಸ್ಸಿನ ಗ್ರಂಥಭಂಡಾರವು ‘ಅಮೆರಿಕನ್ ಮೆಮೊರಿ’ ಎಂಬ ಹೆಸರಿನಿಂದ ೧೯೯೦ರ ದಶಕದಲ್ಲಿಯೇ ತನ್ನ ಪತ್ರಗಳನ್ನೂ ಚಿತ್ರಗಳನ್ನೂ ಅಂತರ್ಜಾಲಕ್ಕೆ ಏರಿಸತೊಡಗಿತು. ರಾಷ್ಟ್ರೀಯ ಪತ್ರಾಗಾರದವರು ೨೦೧೦ರಲ್ಲಿ ಉಪಾಧ್ಯಾಯರಿಗಾಗಿಯೇ ‘ಡಾಕ್ಸ್‌ಟೀಚ್’ ಎಂಬ ಭಂಡಾರವನ್ನು ತೆರೆದರು. ಅಲ್ಲಿ ಬಾಲಕರಿಗೆ ಮೊದಲು ಕಥೆಯನ್ನು ಹೇಳುವುದಿಲ್ಲ. ಮೂಲಪತ್ರವೊಂದನ್ನು ಮುಂದಿಟ್ಟು, ಇದನ್ನು ಬರೆದವರಾರು, ಯಾರಿಗಾಗಿ ಬರೆದರು, ಎಂದು ಬರೆದರು, ಬರೆದುದರಿಂದ ಅವರಿಗಾದ ಪ್ರಯೋಜನವೇನು ಎಂಬ ಪ್ರಶ್ನೆಗಳನ್ನು ಹಾಕುತ್ತಾರೆ.

ಪ್ರಸಂಗವಶಾತ್ ಒಂದು ಮಾತು: ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿದಾಗ ಯಂತ್ರಗಳನ್ನು ಒದಗಿಸಿದುದು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ. ಆದುದರಿಂದ ಆ ದೇಶದ ಕೈಗಾರಿಕೆಯ ಚರಿತ್ರೆಯನ್ನು ಓದುವವರಿಗೂ ಕೋಲಾರವು ತೀರ ಅಪರಿಚಿತವಲ್ಲ.

ಹಾಗಾದರೆ ಕೋಲಾರದ ಬಾಲಕನ ಮುಂದಿಡುವುದಕ್ಕೆ ಮೂಲಪತ್ರಗಳಿಲ್ಲವೆ? ಕುವಲಾಲವೆಂಬ ಹೆಸರಿನಿಂದ ಈ ಪಟ್ಟಣವು ಗಂಗರಸರ ಬಿರುದಿನಲ್ಲಿಯೇ ಸೇರಿಕೊಂಡಿರುವುದು ವಾಚಕರಿಗೆ ತಿಳಿದ ವಿಷಯವಷ್ಟೆ. ಇಲ್ಲಿಯ ಪತ್ರಗಳು ಕಾಗದವಲ್ಲ, ಕಲ್ಲು ಮತ್ತು ತಾಮ್ರ. ಬೆಂಗಳೂರಿನಲ್ಲಿಯೇ ಜನಿಸಿದ ಬಿ. ಎಲ್. ರೈಸ್ ಮಹಾಶಯರು (೧೮೩೭-೧೯೨೭) ಮೈಸೂರು ಸೀಮೆಯ ಶಾಸನಗಳನ್ನು ಹನ್ನೆರಡು ಸಂಪುಟಗಳಲ್ಲಿ ಸಂಗ್ರಹಿಸಿ ಅಚ್ಚು ಮಾಡಿಸಿದರು. ಅವುಗಳಲ್ಲಿ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯದು, ೧೯೦೫ರಲ್ಲಿ ಪ್ರಕಟವಾಯಿತು. ಬಹುಕಾಲ ಈ ಗ್ರಂಥವು ದೊಡ್ಡ ಪುಸ್ತಕಭಂಡಾರಗಳ ಬೀರುವಿನಲ್ಲಿ ಮಾತ್ರ ಇದ್ದಿತು. ಯಾವ ಊರಿನ ಕಲ್ಲಿನಿಂದ ಅದರ ಅಕ್ಷರಗಳನ್ನು ಎತ್ತಿಕೊಂಡರೋ ಆ ಊರಿನವರಿಗೇ ಅದರ ದರ್ಶನವಿರಲಿಲ್ಲ. ಈಗ ಅದೇ ಗ್ರಂಥವು ‘ಇಂಟರ್‌ನೆಟ್ ಆರ್ಕೈವ್’ ಎಂಬ ಅಮೆರಿಕಾದ ಧರ್ಮಭಂಡಾರದಲ್ಲಿ ಪುಟಪುಟವಾಗಿ ದೊರೆಯುತ್ತದೆ. ಮುಳಬಾಗಿಲಿನ ವಿದ್ಯಾರ್ಥಿಯು ತನ್ನ ಊರಿನ ಶಾಸನವನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಾರ್ಗವಾಗಿ ಪಡೆಯಬೇಕಾದುದು ಕಾಲದ ವೈಚಿತ್ರ್ಯ. ಆದರೂ ಪಡೆದುದು ಲಾಭವೇ ಸರಿ.

ಪುಸ್ತಕವು ಕೈಗೆ ಬಂದಮಾತ್ರಕ್ಕೆ ದಾರಿಯು ತಿಳಿಯುವುದಿಲ್ಲ. ಕೋಲಾರಕ್ಕೆ ಕೆ. ಎಲ್., ಮುಳಬಾಗಿಲಿಗೆ ಎಂ. ಬಿ., ಮಾಲೂರಿಗೆ ಎಂ. ಆರ್., ಶ್ರೀನಿವಾಸಪುರಕ್ಕೆ ಎಸ್. ಪಿ. ಎಂಬ ಸಂಕೇತಗಳನ್ನು ಅದರಲ್ಲಿ ಬಳಸಿದೆ. ಬೌರಿಂಗ್‌ಪೇಟೆಯೆಂದರೆ ಇಂದಿನ ಬಂಗಾರಪೇಟೆ. ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳು ೨೦೦೭ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದುವಾದರೂ ಅವುಗಳ ಶಾಸನಗಳನ್ನು ಕೋಲಾರದ ಸಂಪುಟದಲ್ಲಿಯೇ ಹುಡುಕಬೇಕು. ಶ್ರೀನಿವಾಸಪುರವೆಂಬ ಹೆಸರೂ ದಿವಾನ್ ಪೂರ್ಣಯ್ಯನವರ ಕಾಲದ್ದು; ತಮ್ಮ ಮಗನ ಹೆಸರನ್ನು ಅವರು ಆ ಊರಿಗೆ ಇಟ್ಟರೆಂದು ಹೇಳುತ್ತಾರೆ. ಆದುದರಿಂದ ಆ ಹೆಸರನ್ನೇ ಹಿಡಿದು ಹಳೆಯ ಶಾಸನಗಳಲ್ಲಿ ಶೋಧಿಸಿದರೆ ಫಲವಿಲ್ಲ. ಯಂತ್ರವು ರೋಮನ್ ಅಕ್ಷರಗಳ ಮೇಲಣ ಗೆರೆಚುಕ್ಕಿಗಳನ್ನು ತಪ್ಪಾಗಿ ಓದುವುದರಿಂದ, ಇರುವ ಶಬ್ದವೂ ಇಲ್ಲವೆಂದು ತೋರುವುದುಂಟು. ಪುಟಗಳನ್ನು ಕಣ್ಣಿನಿಂದಲೇ ತಿರುವಿ ನೋಡುವುದು ಉತ್ತಮ.

ಮುಳಬಾಗಿಲಿಗೆ ನೈಋತ್ಯದಲ್ಲಿರುವ ಆವಣಿ ಕ್ಷೇತ್ರವನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಇದು ವಾಲ್ಮೀಕಿಗಳ ಆಶ್ರಮವೆಂದೂ, ಕುಶಲವರು ಇಲ್ಲಿಯೇ ಜನಿಸಿದರೆಂದೂ ಸ್ಥಳದ ಐತಿಹ್ಯ. ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರಾಲಯಗಳು ಒಂದೇ ಪ್ರಾಕಾರದಲ್ಲಿವೆ. ಶಾಸನವು ಹೇಳುವ ಕಥೆಯೇ ಬೇರೆ. ತ್ರಿಭುವನಕರ್ತನೆಂಬ ಶೈವ ತಪಸ್ವಿಯು ಈ ಸ್ಥಾನವನ್ನು ನಾಲ್ವತ್ತು ವರ್ಷ ಆಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿ, ಶಕ ೮೮೩ರಲ್ಲಿ ದೇಹವನ್ನು ಬಿಟ್ಟನೆಂದು ಅದರಿಂದ ತಿಳಿಯುತ್ತದೆ. ಶಕವರ್ಷಕ್ಕೆ ೭೮ನ್ನು ಕೂಡಿಸಿದರೆ ಕ್ರಿ. ಶ. ೯೬೧ ಎಂದಾಗುವುದು. ನೊಳಂಬರು ಈ ಸೀಮೆಯಲ್ಲಿ ಪ್ರಬಲರಾಗಿದ್ದ ಕಾಲವದು.

ಈ ಒಂದು ಶಾಸನವನ್ನು ಹಿಡಿದು ಕೇಳಬಹುದಾದ ಪ್ರಶ್ನೆಗಳೆಷ್ಟು! ಸರ್ವಸಂಗಪರಿತ್ಯಾಗಿಯಾದವನು ‘ಆಳಿದನು’ ಎಂದರೇನು? ಐವತ್ತೆಂಬುದು ಎಣಿಸಿ ಹೇಳಿದ ಸಂಖ್ಯೆಯೋ, ಗುರುವನ್ನು ಕೊಂಡಾಡುವ ಮಾತೋ? ಅಷ್ಟು ಕಟ್ಟಡಗಳಿಗೆ ದ್ರವ್ಯವೆಲ್ಲಿಂದ ಬಂದಿತು? ಇಂದು ನಿಂತಿರುವ ಗುಡಿಗಳಲ್ಲಿ ಆತನ ಕಾಲದವು ಯಾವುವು, ಅನಂತರದವರು ಸೇರಿಸಿದುವು ಯಾವುವು? ಆ ಎರಡು ಕೆರೆಗಳೆಲ್ಲಿ? ಕಡೆಯ ಪ್ರಶ್ನೆಯು ಕೋಲಾರದ ಬಾಲಕನಿಗೆ ಬಹು ಸಮೀಪದ್ದು. ಕೆರೆ ಒಣಗಿದರೆ ಮನೆಯಲ್ಲಿ ಏನಾಗುವುದೆಂಬುದನ್ನು ಅವನು ಕಂಡವನು. ೨೦೧೮ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ. ಸಿ. ವ್ಯಾಲಿ ಯೋಜನೆಯ ಮೂಲಕ ಕೆರೆಗಳಿಗೆ ಬಂದುದನ್ನೂ, ಅದರ ವಿಷಯವಾಗಿ ನಡೆದ ವಾದವಿವಾದಗಳನ್ನೂ ಕೇಳಿದವನು. ಜಿಲ್ಲೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಕೊಡಗೆಯ ಭೂಮಿಗಳನ್ನೂ, ತುರುಗಳನ್ನು ಕಾಯುತ್ತ ಮಡಿದವರ ವೀರಗಲ್ಲುಗಳನ್ನೂ ಓದಿದಾಗ, ಚರಿತ್ರೆಯೆಂದರೆ ರಾಜರ ವಂಶಾವಳಿಯಷ್ಟೇ ಅಲ್ಲವೆಂಬುದು ಅವನಿಗೆ ಉಪದೇಶವಿಲ್ಲದೆಯೇ ಹೊಳೆಯುವುದು.

ಅದೇ ತಾಲ್ಲೂಕಿನ ಮುಡಿಯನೂರಿನ ತಾಮ್ರಪಟಗಳು ಇನ್ನೊಂದು ಬಗೆಯ ಪಾಠವನ್ನು ಕಲಿಸುತ್ತವೆ. ಬಾಣವಂಶದ ಮಲ್ಲದೇವನು ಕೊಟ್ಟ ದಾನವೆಂದು ಹೇಳಿಕೊಳ್ಳುವ ಇವುಗಳಲ್ಲಿ ಶಕ ೨೬೧ ಎಂಬ ಕಾಲವಿದೆ, ಎಂದರೆ ಕ್ರಿ. ಶ. ೩೩೮-೩೯. ರೈಸರು ಇದನ್ನು ಪ್ರಕಟಿಸಿದರು. ಅಷ್ಟು ಪ್ರಾಚೀನಕಾಲಕ್ಕೆ ಈ ಪಟಗಳು ಸಲ್ಲುವುವೆ ಎಂದು ಅನಂತರದ ವಿದ್ವಾಂಸರು ಬಲವಾಗಿ ಸಂದೇಹಿಸಿರುತ್ತಾರೆ. ಅಂತರ್ಜಾಲದಲ್ಲಿ ಈ ಸಂಗತಿಯ ಅರ್ಧವು ಮಾತ್ರ ಎದ್ದು ಕಾಣುತ್ತದೆ. ಹಕ್ಕುಸ್ವಾಮ್ಯವು ತೀರಿದ ಹಳೆಯ ಗ್ರಂಥಗಳು ಅಲ್ಲಿ ಧರ್ಮಾರ್ಥವಾಗಿ ದೊರೆಯುವುದರಿಂದ ಹಳೆಯ ನಿರ್ಣಯವು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ತಿದ್ದಿದ ಹೊಸ ಗ್ರಂಥವಾದರೋ ಬೆಲೆ ಕೊಟ್ಟು ತರಬೇಕಾದುದು, ಅಥವಾ ಅಂತರ್ಜಾಲಕ್ಕೆ ಏರದೆಯೇ ಉಳಿದುದು. ಹೀಗೆ ಅತ್ಯಂತ ನವೀನವಾದ ಸಾಧನವು ಅತ್ಯಂತ ಹಳೆಯ ತಪ್ಪನ್ನು ಮನೆಮನೆಗೆ ಹಂಚುವುದುಂಟು. ಆವಣಿಯ ಕಲ್ಲನ್ನೂ ಮುಡಿಯನೂರಿನ ಪಟಗಳನ್ನೂ ಜೊತೆಗಿಟ್ಟು, ಒಂದನ್ನು ನಂಬುವುದೇಕೆ, ಇನ್ನೊಂದನ್ನು ಶಂಕಿಸುವುದೇಕೆ ಎಂದು ವಿಚಾರಮಾಡಿಸುವ ಉಪಾಧ್ಯಾಯನಿದ್ದರೆ, ಡಾಕ್ಸ್‌ಟೀಚಿನ ಯಾವ ಪಾಠಕ್ಕೂ ಅದು ಕಡಮೆಯಾಗಲಾರದು.

ಭಾಷೆಯದೂ ಒಂದು ತೊಡಕು. ಚೋಳರು ಈ ಸೀಮೆಯನ್ನು ಗೆದ್ದು ನಿಗರಿಲಿಚೋಳಮಂಡಲವೆಂದು ಕರೆದರು. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ಅವರು ಬರೆಸಿದುದು ತಮಿಳು. ಕನ್ನಡವನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ಗೋಡೆಯೂ ಮೂಕ, ರೈಸರ ಇಂಗ್ಲಿಷ್ ಅನುವಾದವೂ ಕಠಿನ. ಕನ್ನಡ, ತೆಲುಗು, ತಮಿಳುಗಳು ಒಂದೇ ಬೀದಿಯಲ್ಲಿ ಕೇಳಿಬರುವ ಈ ಜಿಲ್ಲೆಯಲ್ಲಿ ಓದಿ ಹೇಳುವವರಿಗೆ ಕೊರತೆಯಿಲ್ಲ. ಅವರಿಂದ ಸರಳವಾದ ಕನ್ನಡದ ತಾತ್ಪರ್ಯಗಳನ್ನು ಬರೆಯಿಸಿ ಅಂತರ್ಜಾಲದಲ್ಲಿ ಇಡಬೇಕಾಗಿದೆ.

ಕಲ್ಲುಗಳ ಗತಿಯಂತೂ ಕಾಯುವಂತಹುದಲ್ಲ. ರೈಸರ ಕಾಲದಲ್ಲಿ ಹೊಲದ ಅಂಚಿನಲ್ಲಿಯೋ ಕೆರೆಯ ಕೋಡಿಯಲ್ಲಿಯೋ ಇದ್ದ ಕಲ್ಲುಗಳು ರಸ್ತೆ, ಬಡಾವಣೆಗಳ ಕೆಲಸದಲ್ಲಿ ಹೂತುಹೋಗುವುದುಂಟು, ಒಡೆದುಹೋಗುವುದೂ ಉಂಟು. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಬೆಂಗಳೂರಿನ ಸುತ್ತಣ ಶಾಸನಗಳನ್ನು ಮೂರು ಆಯಾಮಗಳ ಯಂತ್ರಚಿತ್ರಗಳಾಗಿ ತೆಗೆದು ಕಾಪಾಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಆ ಚಿತ್ರದಲ್ಲಿ ಎದ್ದು ತೋರುವುದುಂಟು. ಅಂತಹ ಯಂತ್ರವು ಪ್ರತಿಯೊಂದು ಶಾಲೆಗೂ ದೊರೆಯಲಾರದು. ಆದರೆ ಮಾಲೂರಿನ ಟೇಕಲ್ಲಿನಲ್ಲಾಗಲಿ ಆವಣಿಯಲ್ಲಾಗಲಿ, ಸಂಪುಟದ ಸಂಖ್ಯೆಯನ್ನು ಹಿಡಿದು ಹೋಗಿ, ಕಲ್ಲು ಈಗ ಎಲ್ಲಿದೆ, ಎಷ್ಟು ಸಾಲು ಉಳಿದಿದೆ, ಯಾರ ಭೂಮಿಯಲ್ಲಿದೆ ಎಂಬುದನ್ನು ಬರೆದುಕೊಂಡು ಬರುವುದಕ್ಕೆ ಒಂದು ಕೈಪುಸ್ತಕವೂ ಒಂದು ಮೊಬೈಲ್ ಫೋನೂ ಸಾಕು. ಸಂಜೆಯ ಇಳಿಬಿಸಿಲಿನಲ್ಲಿ ಬೆಳಕು ಓರೆಯಾಗಿ ಬೀಳುವುದರಿಂದ ಚಿತ್ರವನ್ನು ಆಗ ತೆಗೆಯುವುದು ಮೇಲು. ಅಕ್ಷರಗಳಿಗೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಹಚ್ಚಕೂಡದು.