ಉಪಗ್ರಹ ಎಣಿಸುವ ಕಾಡು

ನಮ್ಮ ದೇಶದ ಕಾಡನ್ನು ಆಕಾಶದಿಂದ ಅಳೆಯಲು ಹೊರಟು ನಾಲ್ಕು ದಶಕ ದಾಟಿತು. ಅದಕ್ಕೂ ಮೊದಲು, 1965ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಶುರುವಾದ ಸಮೀಕ್ಷೆಯ ಗಮನವೆಲ್ಲ ಕಾರ್ಖಾನೆಗಳಿಗೆ ಒದಗಬಹುದಾದ ಮರಮಟ್ಟಿನ ಮೇಲಿತ್ತು. ಅದೇ 1981ರಲ್ಲಿ ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯಾಯಿತು. ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಬರಿಗಣ್ಣಿನಲ್ಲೇ ಓದಿ ತಯಾರಿಸಿದ 1987ರ ಮೊದಲ ವರದಿ, ದೇಶದ ಶೇ 19.49ರಷ್ಟು ನೆಲದಲ್ಲಿ ಕಾಡಿದೆ ಎಂದಿತು. ಆ ಚಿತ್ರದ ಒಂದು ಚುಕ್ಕೆಯೆಂದರೆ ಸುಮಾರು ಒಂದೂವರೆ ಎಕರೆ. 400 ಹೆಕ್ಟೇರಿಗಿಂತ ಚಿಕ್ಕದಾದ ಕಾಡು ನಕ್ಷೆಗೇ ಬರುತ್ತಿರಲಿಲ್ಲ. ಕೊಡಗಿನ ದೇವರಕಾಡುಗಳಿಗೆ ಅಲ್ಲಿ ಜಾಗವೆಲ್ಲಿ? ಮುಂದೆ ನಮ್ಮದೇ ಐಆರ್‌ಎಸ್ ಉಪಗ್ರಹಗಳು ಬಂದವು, ಚುಕ್ಕೆ ಐದೂವರೆ ಗುಂಟೆಗೆ ಇಳಿಯಿತು. 2001ರ ವರದಿಯ ಹೊತ್ತಿಗೆ ಇಡೀ ದೇಶದ ಚಿತ್ರವನ್ನು ಕಂಪ್ಯೂಟರಿನಲ್ಲೇ ವಿಂಗಡಿಸಿ, ಒಂದು ಹೆಕ್ಟೇರಿನ ಹಸಿರನ್ನೂ ಲೆಕ್ಕಕ್ಕೆ ಹಿಡಿಯಲಾಯಿತು. 2023ರ ವರದಿಯ ಅಂಕಿ ಶೇ 21.76.

ಈ ಏರಿಕೆಯನ್ನು ಕಾಡು ಬೆಳೆದ ಲೆಕ್ಕವೆಂದು ಓದಿದರೆ ಮೋಸಹೋದಂತೆ. ಕಣ್ಣು ಚುರುಕಾದದ್ದರ ಪಾಲೂ ಅದರಲ್ಲಿದೆ. ಅದಕ್ಕಿಂತ ದೊಡ್ಡ ತೊಡಕು ವ್ಯಾಖ್ಯೆಯದು. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ 10ಕ್ಕಿಂತ ಹೆಚ್ಚು ಮರದ ನೆತ್ತಿ ಮುಚ್ಚಿದ ನೆಲವೆಲ್ಲ ವರದಿಯ ಪ್ರಕಾರ ‘ಅರಣ್ಯ ಹೊದಿಕೆ’. ಮರ ಯಾವುದು, ನೆಲ ಯಾರದು ಎಂಬ ಪ್ರಶ್ನೆಯೇ ಇಲ್ಲ. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ, ಅವಕೆಂಪಿನ ಹೆಚ್ಚುಪಾಲನ್ನು ಎಲೆ ಹಿಂದಕ್ಕೆ ಕಳಿಸುತ್ತದೆ. ಉಪಗ್ರಹ ಅಳೆಯುವುದು ಮುಖ್ಯವಾಗಿ ಈ ವ್ಯತ್ಯಾಸವನ್ನು. ಹಾಗಾಗಿ ಕೊಡಗಿನಲ್ಲಿ ಸಿಲ್ವರ್ ಓಕ್ ನೆರಳಿನ ಕಾಫಿ ತೋಟ, ಶಿರಸಿಯ ಅಡಿಕೆ ತೋಟ, ಪಕ್ಕದ ನಿತ್ಯಹರಿದ್ವರ್ಣ ಕಾಡು ಮೂರೂ ಒಂದೇ ಮೊತ್ತಕ್ಕೆ ಸೇರುತ್ತವೆ.

ಒಡೆತನ ಆಕಾಶದಿಂದ ಕಾಣುವುದಿಲ್ಲ, ತೋಟದ ಮರವೂ ಇಂಗಾಲ ಹಿಡಿದಿಡುತ್ತದೆ, ಎಲ್ಲೆಡೆ ಒಂದೇ ಅಳತೆಗೋಲಿದ್ದರೆ ಹೋಲಿಕೆ ಸುಲಭ ಎನ್ನುವವರಿದ್ದಾರೆ. ಇಂಗಾಲದ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಸಿಂಗಳೀಕಕ್ಕೆ ಅಡಿಕೆ ತೋಟ ಮನೆಯಾಗದು. ಇತ್ತೀಚಿನ ವರದಿಗಳು ದಾಖಲಿತ ಅರಣ್ಯದ ಒಳಗೆಷ್ಟು, ಹೊರಗೆಷ್ಟು ಎಂದು ಬೇರ್ಪಡಿಸುತ್ತವೆ, ಒಳ್ಳೆಯದೇ. ಆದರೂ ಮಲೆನಾಡಿನ ಅಕೇಶಿಯಾ ನೆಡುತೋಪುಗಳಲ್ಲಿ ಎಷ್ಟೋ ಇರುವುದು ದಾಖಲಿತ ಅರಣ್ಯದ ಒಳಗೇ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ ಉಪಗ್ರಹ ಇದನ್ನೆಲ್ಲ ಬಗೆಹರಿಸುತ್ತದೆ ಎಂಬ ಭರವಸೆಯೂ ಅತಿಯಾಯಿತು. ಅದರ ರೇಡಾರ್ ಮಳೆಗಾಲದ ಮೋಡವನ್ನು ದಾಟಿ ನೋಡಬಲ್ಲದು, ಆದರೆ ಮರ ದಟ್ಟವಾದಂತೆ ಅದರ ಅಂದಾಜು ಮಬ್ಬಾಗುತ್ತದೆ. ಜಾತಿ ಗುರುತಿಸಿ, 1.37 ಮೀಟರ್ ಎತ್ತರದಲ್ಲಿ ಕಾಂಡಕ್ಕೆ ಟೇಪು ಸುತ್ತುವ ಸಿಬ್ಬಂದಿ ಈಗಲೂ ಬೇಕು. ಅವರ ಅಳತೆಯನ್ನೂ ಉಪಗ್ರಹದ ನಕ್ಷೆಯನ್ನೂ ಕೂಡಿಸಿ, ಸಹಜ ಕಾಡಿಗೊಂದು, ನೆಟ್ಟು ಬೆಳೆಸಿದ್ದಕ್ಕೊಂದು ಎಂದು ಎರಡು ಅಂಕಿಗಳನ್ನು ಮುಂದಿನ ವರದಿ ಮೊದಲ ಪುಟದಲ್ಲೇ ಅಚ್ಚು ಮಾಡಲಿ.