ಕ್ರಿಸ್ಮಸ್ ಊಟಕ್ಕೆ ಕೈಗೆಟಕುವ ವೈನ್: ರೋಣ, ನರಗುಂದ, ಗಜೇಂದ್ರಗಡದ ಮನೆಗಳಿಗೊಂದು ಕೈಪಿಡಿ

ಕರಾವಳಿಯ ನಮ್ಮ ಅನೇಕ ಕುಟುಂಬಗಳ ಮಕ್ಕಳು ಶಿಕ್ಷಕರಾಗಿ, ದಾದಿಯರಾಗಿ, ಬ್ಯಾಂಕ್ ನೌಕರರಾಗಿ ಘಟ್ಟದ ಮೇಲೆ ನೆಲೆಸಿದ್ದಾರೆ. ಗದಗ ಜಿಲ್ಲೆಯ ರೋಣ, ನರಗುಂದ, ಮತ್ತು 2018ರಲ್ಲಿ ರೋಣದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಗಜೇಂದ್ರಗಡದಲ್ಲಿಯೂ ಇಂಥವರಿದ್ದಾರೆ. ಅಲ್ಲಿ ಕ್ರೈಸ್ತರ ಸಂಖ್ಯೆ ಚಿಕ್ಕದು. ಬಾಸೆಲ್ ಮಿಷನ್ 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದ ಕಾಲದಿಂದ ಬಂದ ಪ್ರೊಟೆಸ್ಟೆಂಟ್ ಕುಟುಂಬಗಳು ಜಿಲ್ಲೆಯಲ್ಲಿವೆ. ಕಥೋಲಿಕರು 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಊರಿಗೆ ಬರಲು ರಜೆ ಸಿಗದ ವರ್ಷ ಇವರು ಅಲ್ಲಿಯೇ ಕ್ರಿಸ್ಮಸ್ ಊಟ ಮಾಡುತ್ತಾರೆ. "ಫಾದರ್, ಊಟಕ್ಕೆ ಯಾವ ವೈನ್ ತರಬೇಕು? ಹೆಚ್ಚು ಖರ್ಚು ಮಾಡಲು ಆಗುವುದಿಲ್ಲ" ಎಂಬ ಪ್ರಶ್ನೆ ಪ್ರತಿ ಡಿಸೆಂಬರಿನಲ್ಲಿಯೂ ಬರುತ್ತದೆ. ಅದಕ್ಕೆ ಉತ್ತರವಾಗಿ ಈ ಲೇಖನ. ಇಲ್ಲಿ 'ಕೈಗೆಟಕುವ' ಎಂದರೆ 750 ಮಿಲಿಲೀಟರಿನ ಬಾಟಲಿಗೆ ಸಾವಿರ ರೂಪಾಯಿಯೊಳಗೆ ಎಂದು ಇಟ್ಟುಕೊಳ್ಳೋಣ.

ಎಷ್ಟು ಬೇಕು?

ಮೊದಲು ಲೆಕ್ಕ. ಒಂದು ಬಾಟಲಿಯಲ್ಲಿ 150 ಮಿಲಿಲೀಟರಿನ ಐದು ಲೋಟ ವೈನ್ ಇರುತ್ತದೆ. ಊಟಕ್ಕೆ ಹತ್ತು ಮಂದಿ ಹಿರಿಯರಿದ್ದು ತಲಾ ಒಂದು ಲೋಟ ಎಂದರೆ ಎರಡು ಬಾಟಲಿ ಸಾಕು. ಕೇಕಿನ ಜೊತೆಗೆ ಕೊಡುವ ಸಿಹಿ ವೈನ್ ತಲಾ 60 ಮಿಲಿಲೀಟರ್ ಆದರೆ ಹೆಚ್ಚು. ಹತ್ತು ಮಂದಿಗೆ 600 ಮಿಲಿಲೀಟರ್, ಅಂದರೆ ಒಂದು ಬಾಟಲಿಯಲ್ಲಿ ಸ್ವಲ್ಪ ಉಳಿಯುತ್ತದೆ. ಒಟ್ಟು ಮೂರು ಬಾಟಲಿ. ಇದಕ್ಕಿಂತ ಹೆಚ್ಚು ತಂದರೆ ಹಣವೂ ವ್ಯರ್ಥ, ಊಟದ ಮರ್ಯಾದೆಯೂ ಕೆಡುತ್ತದೆ.

ನಮ್ಮ ರಾಜ್ಯದ ದ್ರಾಕ್ಷಿ

ದುಬಾರಿ ವಿದೇಶಿ ಬಾಟಲಿ ಹುಡುಕುವ ಅಗತ್ಯವಿಲ್ಲ. ನಂದಿಬೆಟ್ಟದ ತಪ್ಪಲಿನ ಗ್ರೋವರ್ ಸಂಸ್ಥೆಯ ವೈನ್ 1992ರಿಂದ ಮಾರುಕಟ್ಟೆಯಲ್ಲಿದೆ. ನಾಶಿಕದ ಸುಲಾ ಸಂಸ್ಥೆ ತನ್ನ ಮೊದಲ ವೈನನ್ನು 2000ದಲ್ಲಿ ಹೊರತಂದಿತು. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಜಾರಿಗೆ ತಂದ ಬಳಿಕ ರಾಜ್ಯದಲ್ಲಿ ವೈನ್ ಘಟಕಗಳು ಹೆಚ್ಚಿದವು. ಗಜೇಂದ್ರಗಡದ ನೆರೆಯ ಕೊಪ್ಪಳ ಜಿಲ್ಲೆಯಲ್ಲಿಯೇ ಕೃಷ್ಮಾ ಎಂಬ ಸಂಸ್ಥೆಯ ದ್ರಾಕ್ಷಿ ತೋಟವಿದೆ. ಆದರೆ ಅದರ ವೈನ್ ನಮ್ಮ ಸಾವಿರ ರೂಪಾಯಿಯ ಗೆರೆಯನ್ನು ದಾಟುತ್ತದೆ.

ಬೆಂಗಳೂರಿನ ಸುತ್ತಲ ಜಿಲ್ಲೆಗಳಲ್ಲಿ ಬೆಳೆಯುವ 'ಬೆಂಗಳೂರು ಬ್ಲೂ' ಎಂಬ ಕಪ್ಪು ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅಗ್ಗದ ಸಿಹಿ ವೈನ್‌ಗಳಿಗೆ ಈ ಹಣ್ಣು ಬಹಳ ಬಳಕೆಯಲ್ಲಿದೆ. ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿಯ ದೊಡ್ಡ ಪಾಲು ಒಣದ್ರಾಕ್ಷಿಯಾಗುತ್ತದೆ. ಕೇಕಿಗೆ ಅದನ್ನೇ ಕೊಳ್ಳಿರಿ.

ಅಂಗಡಿಯಲ್ಲಿ ನೋಡಬೇಕಾದದ್ದು

ನಮ್ಮ ಪಟ್ಟಣಗಳಲ್ಲಿ ಫಲಕದ ಮೇಲೆ 'ವೈನ್ಸ್' ಎಂದು ಬರೆದಿದ್ದರೂ ಒಳಗೆ ಇರುವುದು ಹೆಚ್ಚಾಗಿ ವಿಸ್ಕಿ, ರಮ್ಮು, ಬ್ರಾಂದಿ. ವೈನ್ ಕೇಳುವವರು ಕಡಿಮೆಯಾದ್ದರಿಂದ ಇರುವ ನಾಲ್ಕು ಬಾಟಲಿಗಳು ವರ್ಷಗಟ್ಟಲೆ ಬಿಸಿಲಿಗೆ, ಬಲ್ಬಿನ ಬೆಳಕಿಗೆ ನಿಂತಿರುತ್ತವೆ. ಆದ್ದರಿಂದ ನರಗುಂದದವರು ಹುಬ್ಬಳ್ಳಿಗೆ, ರೋಣ ಮತ್ತು ಗಜೇಂದ್ರಗಡದವರು ಗದಗಕ್ಕೆ ಕೆಲಸದ ಮೇಲೆ ಹೋದಾಗ ಕೊಂಡು ತರುವುದು ಉತ್ತಮ. ಕೊನೆಯ ವಾರದವರೆಗೆ ಕಾಯಬೇಡಿರಿ. ನೋಡಬೇಕಾದ ಅಂಶಗಳು ಇವು:

1. ವರ್ಷ. ಅಗ್ಗದ ವೈನ್ ಇಟ್ಟಷ್ಟೂ ಒಳ್ಳೆಯದಾಗುತ್ತದೆ ಎಂಬುದು ತಪ್ಪು ನಂಬಿಕೆ. ಬಿಳಿ ವೈನ್ ಎರಡು ವರ್ಷದೊಳಗಿನದು, ಕೆಂಪು ವೈನ್ ಮೂರ್ನಾಲ್ಕು ವರ್ಷದೊಳಗಿನದು ಇರಲಿ.

2. ಮುಚ್ಚಳ. ತಿರುಗಿಸಿ ತೆಗೆಯುವ ಮುಚ್ಚಳ ಕೀಳು ಗುಣಮಟ್ಟದ ಲಕ್ಷಣವಲ್ಲ. ಬಿರಡೆ ಒಣಗಿ ಗಾಳಿ ಒಳಹೋಗುವ ಭಯ ಅದಕ್ಕಿಲ್ಲ. ಬಿರಡೆ ತೆಗೆಯುವ ಸಾಧನವನ್ನೂ ಕೊಳ್ಳಬೇಕಾಗಿಲ್ಲ.

3. ಮದ್ಯದ ಪ್ರಮಾಣ. ಊಟದ ವೈನ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 12ರಿಂದ 14ರಷ್ಟಿರುತ್ತದೆ. 'ಫೋರ್ಟಿಫೈಡ್' ಎಂದು ಬರೆದಿದ್ದರೆ ಹೊರಗಿನಿಂದ ಮದ್ಯಸಾರ ಸೇರಿಸಿದ್ದಾರೆ ಎಂದರ್ಥ. ಅದನ್ನು ಊಟದುದ್ದಕ್ಕೂ ಕುಡಿಯುವಂತಿಲ್ಲ.

4. 'ಡ್ರೈ' ಎಂದರೆ ಸಿಹಿಯಿಲ್ಲದ್ದು. ಮೊದಲ ಸಲ ರುಚಿ ನೋಡುವವರಿಗೆ ಅದು ಹುಳಿಯೆನಿಸಬಹುದು.

5. ಗೋವಾದ ಬಾಟಲಿ. ಅಲ್ಲಿ ಅಗ್ಗವೆಂದು ಪರವಾನಗಿಯಿಲ್ಲದೆ ತರುವುದು ಅಬಕಾರಿ ಅಪರಾಧ. ತನಿಖಾ ಠಾಣೆಯಲ್ಲಿ ಸಿಕ್ಕಿಬಿದ್ದರೆ ಉಳಿತಾಯಕ್ಕಿಂತ ನಷ್ಟವೇ ಹೆಚ್ಚು.

ಯಾವ ಅಡುಗೆಗೆ ಯಾವುದು?

ಒಂದು ಮುಖ್ಯ ನಿಯಮ: ಖಾರ, ಮದ್ಯ, ಒಗರು ಮೂರೂ ಒಂದೆಡೆ ಸೇರಿದರೆ ನಾಲಿಗೆ ಉರಿಯುತ್ತದೆ. ಉತ್ತರ ಕರ್ನಾಟಕದ ಕೆಂಪು ಖಾರದ ಎದುರು ಕಬೆರ್ನೆ ಸೊವಿನ್ಯೋನಿನಂಥ ಒಗರು ಕೆಂಪು ವೈನ್ ಇಟ್ಟರೆ ಎರಡೂ ಹಾಳು. ತುಸು ಸಿಹಿ, ತುಸು ಹುಳಿ ಇರುವ, ತಣ್ಣಗಿನ ವೈನ್ ಖಾರವನ್ನು ಶಮನಗೊಳಿಸುತ್ತದೆ.

ಕೋಳಿ ಸಾರು, ಜೋಳದ ರೊಟ್ಟಿ: ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್. ಭಾರತದ ಹಲವು ಸಂಸ್ಥೆಗಳು ಇದನ್ನು ತುಸು ಸಿಹಿ ಉಳಿಯುವಂತೆ ತಯಾರಿಸುತ್ತವೆ. ಒಂದೇ ಒಂದು ಬಾಟಲಿ ಕೊಳ್ಳುವವರು ಇದನ್ನೇ ಕೊಳ್ಳಲಿ.

ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ: ಶೇಂಗಾ, ಎಳ್ಳಿನ ಜಿಡ್ಡಿಗೆ ಗುಲಾಬಿ ಬಣ್ಣದ ರೋಜೆ ವೈನ್ ಹೊಂದುತ್ತದೆ.

ಹಂದಿಮಾಂಸದ ಬಫಾತ್, ಸನ್ನಾ: ವಿನೆಗರ್ ಹಾಕಿದ ಅಡುಗೆಗೆ ಅಷ್ಟೇ ಹುಳಿಯಿರುವ ವೈನ್ ಬೇಕು. ಸೊವಿನ್ಯೋನ್ ಬ್ಲಾಂಕ್ ಅಥವಾ ರೋಜೆ ಸರಿ.

ಮಟನ್ ಸುಕ್ಕಾ, ಹುರಿದ ಮಾಂಸ: ಖಾರ ಹದವಾಗಿದ್ದರೆ ಮಾತ್ರ ಶಿರಾಜ್ ಎಂಬ ಕೆಂಪು ವೈನ್.

ಕೇಕು, ಕುಸ್ವಾರ್, ಅಮೀನಗಡದ ಕರದಂಟು: ಸಿಹಿ ತಿಂಡಿಗಿಂತ ವೈನ್ ಹೆಚ್ಚು ಸಿಹಿಯಿರಬೇಕು, ಇಲ್ಲದಿದ್ದರೆ ವೈನ್ ಕಹಿಯೆನಿಸುತ್ತದೆ. ಇಲ್ಲಿ ನಮ್ಮ ಅಗ್ಗದ 'ಪೋರ್ಟ್' ಸಲ್ಲುತ್ತದೆ. ನಿಜವಾದ ಪೋರ್ಟ್ ಪೋರ್ಚುಗಲ್ಲಿನ ಡೌರೊ ಕಣಿವೆಯದು. ನಮ್ಮಲ್ಲಿ ಆ ಹೆಸರಿನಲ್ಲಿ ಸಿಗುವುದು ಸಿಹಿ ಕೆಂಪು ವೈನ್. ಊಟದ ಜೊತೆಗೆ ಇದನ್ನು ಕೊಡಬೇಡಿರಿ. ಕರದಂಟಿನ ಬೆಲ್ಲ, ಅಂಟು, ಒಣಹಣ್ಣಿನ ಎದುರು ಚಿಕ್ಕ ಲೋಟದಲ್ಲಿ ಕೊಟ್ಟು ನೋಡಿರಿ.

ಫ್ರಿಜ್ ಇದ್ದರೆ ಬಿಳಿ ವೈನನ್ನು ಎರಡು ಗಂಟೆ, ಕೆಂಪನ್ನು ಅರ್ಧ ಗಂಟೆ ಒಳಗಿಡಿರಿ. ಇಲ್ಲದಿದ್ದರೆ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿಡಿರಿ. ಬಯಲುಸೀಮೆಯ ಒಣಗಾಳಿಗೆ ಅದು ಬೇಗ ತಣಿಯುತ್ತದೆ. ತೆರೆದ ಬಾಟಲಿ ಫ್ರಿಜ್ಜಿನಲ್ಲಿ ಮೂರು ದಿನ ಚೆನ್ನಾಗಿರುತ್ತದೆ.

ಮನೆಯಲ್ಲಿ ಮಾಡಿದ ವೈನ್

ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಗೋಧಿ, ಯೀಸ್ಟ್ ಹಾಕಿ ಇಡುವುದು ಕರಾವಳಿಯ ಹಳೆಯ ರೂಢಿ. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಮದ್ಯ ತಯಾರಿಸಲು ಪರವಾನಗಿ ಬೇಕು. ಮಾರುವುದಂತೂ ಸ್ಪಷ್ಟ ಅಪರಾಧ. ಇನ್ನೊಂದು ವಿಷಯವನ್ನೂ ಹೇಳಬೇಕು. ದೂರದ ಉಪಕೇಂದ್ರಗಳಲ್ಲಿ "ಫಾದರ್, ಪೂಜೆಗೆ ನಮ್ಮ ಮನೆಯ ವೈನ್ ಬಳಸಿರಿ" ಎಂದು ಪ್ರೀತಿಯಿಂದ ತರುವವರಿದ್ದಾರೆ. ಧರ್ಮಸಭೆಯ ಕಾನೂನಿನ 924ನೆಯ ವಿಧಿಯ ಪ್ರಕಾರ ಬಲಿಪೂಜೆಯ ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಆದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ಗೋಧಿ, ಲವಂಗ, ಸಕ್ಕರೆ ಬೆರೆತದ್ದು ಅದಕ್ಕೆ ಸಲ್ಲದು.

ಬಾಟಲಿ ತೆರೆಯುವ ಮುನ್ನ

ಕೆಲವು ವರ್ಷಗಳ ಹಿಂದೆ ಆ ಸೀಮೆಯ ಒಂದು ಮನೆಯಲ್ಲಿ ಕ್ರಿಸ್ಮಸ್ ಊಟಕ್ಕೆ ಕುಳಿತಿದ್ದೆ. ಮನೆಯವರು ಕರಾವಳಿಯವರು. ಪಕ್ಕದಲ್ಲಿ ಆ ಊರಿನ ಒಬ್ಬ ಗೆಳೆಯರು. ಲೋಟ ಅವರ ಮುಂದೆ ಬಂದಾಗ, "ಬ್ಯಾಡ್ರೀ ಅಕ್ಕಾರ, ನಾ ಬಿಟ್ಟು ಹನ್ನೊಂದ ತಿಂಗಳಾತು" ಎಂದರು. ಮೇಜಿನ ಸುತ್ತ ಎಲ್ಲರೂ ಸುಮ್ಮನಾದರು. "ಹಬ್ಬ ಅಲ್ಲವಾ, ಒಂದು ಗುಟುಕು" ಎಂದು ಒಬ್ಬರು ಒತ್ತಾಯಿಸಲು ಹೊರಟರು. ಅಷ್ಟರಲ್ಲಿ ಮನೆಯೊಡತಿ ಒಂದು ಮಾತೂ ಆಡದೆ ಬಾಟಲಿಯನ್ನು ಎತ್ತಿ ಒಳಗಿಟ್ಟು, ಮಕ್ಕಳಿಗೆಂದು ಮಾಡಿದ್ದ ದ್ರಾಕ್ಷಿ ಪಾನಕವನ್ನು ಎಲ್ಲರಿಗೂ ಬಡಿಸಿದರು. ಆ ಗೆಳೆಯರ ಹೆಂಡತಿ ತಲೆ ತಗ್ಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡೆ. ಅಂದು ಯಾವ ವೈನ್ ತಂದಿದ್ದರೋ ನನಗೆ ನೆನಪಿಲ್ಲ.

ಕುಡಿತ ಬಿಟ್ಟವರಿಗೆ ಒಂದು ಲೋಟ 'ಹಬ್ಬದ ಲೋಟ'ವಲ್ಲ. ಮದ್ಯ ಸೇವಿಸಲಾಗದ ಗುರುಗಳಿಗೆ ಧರ್ಮಾಧ್ಯಕ್ಷರ ಅನುಮತಿಯೊಂದಿಗೆ, ಹುಳಿ ಬರುವುದನ್ನು ತಡೆದ 'ಮುಸ್ತುಂ' ಎಂಬ ದ್ರಾಕ್ಷಿರಸದಲ್ಲಿ ಬಲಿಪೂಜೆ ಅರ್ಪಿಸಲು ಧರ್ಮಸಭೆ ಅವಕಾಶ ಕೊಟ್ಟಿದೆ. ಬಲಿಪೀಠದಲ್ಲಿಯೇ ಇಷ್ಟು ಕಾಳಜಿ ಇರುವಾಗ ನಮ್ಮ ಊಟದ ಮೇಜಿನಲ್ಲಿ ಇರಬಾರದೇ? ಅಂಥವರು ಬರುವ ಮನೆಯಲ್ಲಿ ಕೇಕಿನ ಒಣಹಣ್ಣನ್ನು ರಮ್ಮಿನ ಬದಲು ಕಿತ್ತಳೆ ರಸದಲ್ಲಿ ನೆನೆಸಿರಿ. ಕಪ್ಪು ದ್ರಾಕ್ಷಿಯನ್ನು ಸಕ್ಕರೆ, ಚಕ್ಕೆಯೊಂದಿಗೆ ಕುದಿಸಿ ಸೋಸಿ ಆರಿಸಿದರೆ ಒಳ್ಳೆಯ ಪಾನಕ. ಮಕ್ಕಳಿಗೆ, ಗರ್ಭಿಣಿಯರಿಗೆ, ವಾಹನ ಓಡಿಸುವವರಿಗೆ ಅದೇ ಇರಲಿ. ಶುಭಾಶಯ ಹೇಳಲು ಬರುವ ನೆರೆಹೊರೆಯವರಲ್ಲಿ ಸಸ್ಯಾಹಾರಿಗಳು, ಮದ್ಯ ಮುಟ್ಟದವರು ಬಹಳ. ಅವರೆದುರು ಕುಸ್ವಾರ್ ತಟ್ಟೆ ಇರಲಿ, ಬಾಟಲಿ ಒಳಗಿರಲಿ.

ಶುಭಸಂದೇಶದಲ್ಲಿ ಪ್ರಭು ಯೇಸು ಕಾನಾ ಊರಿನ ಮದುವೆಯಲ್ಲಿ ಒಂದು ಮನೆಯ ಮಾನ ಉಳಿಸಿದರು. ಡಿಸೆಂಬರ್ 27ರಂದು, ಸಂತ ಯೊವಾನ್ನರ ಹಬ್ಬದಲ್ಲಿ, ದ್ರಾಕ್ಷಾರಸವನ್ನು ಆಶೀರ್ವದಿಸುವ ಹಳೆಯ ಪದ್ಧತಿಯೂ ಧರ್ಮಸಭೆಯಲ್ಲಿದೆ. ಆದ್ದರಿಂದ ವೈನ್ ಪಾಪದ ವಸ್ತುವಲ್ಲ. ಆದರೆ ಅದು ಮನೆಯ ಮಾನ ಉಳಿಸುವಂತಿರಬೇಕು, ಕಳೆಯುವಂತಿರಬಾರದು. ಈ ವರ್ಷ ವಿಸ್ಕಿಯ ಬಾಟಲಿಯ ಬದಲು ಒಂದು ಶೆನಿನ್ ಬ್ಲಾಂಕ್ ತಂದು, ಉಳಿದ ಹಣದಲ್ಲಿ ಪಕ್ಕದ ಮನೆಯ ಮಕ್ಕಳಿಗೂ ಕರದಂಟು ತಂದರೆ ಹಬ್ಬಕ್ಕೆ ಏನೂ ಕಡಿಮೆಯಾಗದು.

ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.