‘ನರಸಿಂಹಯ್ಯ ಇದ್ಯಾ?’

(1/4)
ಮೊದಲ ಫೋಟೋದಲ್ಲಿರೋದು ಅಜ್ಜಿಯ ಟ್ರಂಕಲ್ಲಿ ಸಿಕ್ಕ ಪುಸ್ತಕ. ರಟ್ಟಿಲ್ಲ, ಹೆಸರಿಲ್ಲ, ಕೊನೆಯ ಪುಟಗಳೂ ಇಲ್ಲ. ಆದ್ರೂ ಬರೆದವರು ಯಾರು ಅಂತ ಐದೇ ನಿಮಿಷದಲ್ಲಿ ಗೊತ್ತಾಯ್ತು.

ಕಳೆದ ವಾರ ಕ್ಲಾಸಲ್ಲಿ ಒಂದು ವೆಬ್ ಸೀರೀಸ್ ಬಗ್ಗೆ ಮಾತು ಬಂದಾಗ ಯಾರೋ “ಪಕ್ಕಾ ಕ್ರಿಸ್ಟಿ ಥರ ಇದೆ ಕಣ್ರೋ” ಅಂದ್ರಲ್ಲ, ನೆನಪಿದ್ಯಾ? ಅಷ್ಟಕ್ಕೇ ಎಲ್ಲರಿಗೂ ಅರ್ಥ ಆಯ್ತು: ಒಂದು ಮನೆ, ಏಳೆಂಟು ಜನ, ಒಂದು ಹೆಣ, ಕೊನೇಲಿ ಎಲ್ಲರನ್ನೂ ಕೂರಿಸಿ ಕೊಲೆಗಾರನನ್ನ ತೋರಿಸೋದು. ತಮಾಷೆ ಅಂದ್ರೆ ಕ್ರಿಸ್ಟಿ ಅನ್ನೋದು ಅಗಾಥಾ ಅವರ ತವರಿನ ಹೆಸರಲ್ಲ, ಮೊದಲ ಗಂಡನದು. 1928ರಲ್ಲಿ ವಿಚ್ಛೇದನ ಆದ್ರೂ ಪುಸ್ತಕಗಳ ಮೇಲೆ ಅದೇ ಉಳೀತು.

ನಮ್ಮಲ್ಲೂ ಹಾಗೊಂದು ಹೆಸರಿತ್ತು. ಮನೆತನದ್ದಲ್ಲ, ಆ ಮನುಷ್ಯನ ಸ್ವಂತ ಹೆಸರು. ನರಸಿಂಹಯ್ಯ.

(2/4)
ನಮ್ಮಜ್ಜ ಸಕಲೇಶಪುರದ ಹಾನುಬಾಳು ಕಡೆ ಕಾಫಿ ತೋಟದಲ್ಲಿ ರೈಟ್ರು. ಬೇರೆ ಊರಿನ ಫಾಲೋವರ್ಸ್‌ಗೆ ಹೇಳ್ತೀನಿ: ನಮ್ಮ ಕಡೆ ‘ರೈಟರ್’ ಅಂದ್ರೆ ಸಾಹಿತಿ ಅಲ್ಲ, ಆಳುಗಳ ಹಾಜರಿ, ಬಟವಾಡೆ ಲೆಕ್ಕ ಬರೆಯೋರು. ಅಜ್ಜಿ ಆಲೂರು ತಾಲ್ಲೂಕಿನ ಪಾಳ್ಯದ ಕಡೆಯವರು, ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ತೋಟಕ್ಕೆ ಬಂದಾಗ ಕರೆಂಟಿಲ್ಲ. ಆಷಾಢದ ಮಳೆ ಹಿಡಿದ್ರೆ ವಾರಗಟ್ಟಲೆ ಹೊರಗೆ ಕಾಲಿಡೋ ಹಾಗಿಲ್ಲ.

ಅಜ್ಜ ಸಂತೆಗೆ ಹೋದಾಗ ಬಸ್ ಸ್ಟ್ಯಾಂಡ್ ಹತ್ರದ ಅಂಗಡಿಯಿಂದ ಬಾಡಿಗೆಗೆ ಪುಸ್ತಕ ತರ್ತಿದ್ರು. ಪುಸ್ತಕದ ಹೆಸರು ಯಾರೂ ಕೇಳ್ತಿರಲಿಲ್ವಂತೆ. “ನರಸಿಂಹಯ್ಯ ಇದ್ಯಾ?” ಅಷ್ಟೇ. ಉಪ್ಪು ಇದ್ಯಾ, ಸೀಮೆಎಣ್ಣೆ ಇದ್ಯಾ ಅಂದ ಹಾಗೆ.

ಅದೇ ಹೆಸರು ಬೈಗುಳವೂ ಆಗಿತ್ತು. ಮೇಷ್ಟ್ರಾಗಿದ್ದ ಅಜ್ಜಿಯ ಭಾವ ಬಂದಾಗಲೆಲ್ಲಾ “ಓದೋದಾದ್ರೆ ಒಳ್ಳೇದು ಓದಮ್ಮ, ಅದೇನು ನರಸಿಂಹಯ್ಯ!” ಅಂತಿದ್ರಂತೆ. ಅಜ್ಜಿ ಪುಸ್ತಕನ ಅಕ್ಕಿ ಡಬ್ಬದ ಹಿಂದೆ ಇಡ್ತಿದ್ರು.

(3/4)
ಎನ್. ನರಸಿಂಹಯ್ಯ ಹುಟ್ಟಿದ್ದು 1925ರಲ್ಲಿ. ಶಾಲೆ ಕಂಡಿದ್ದು ನಾಲ್ಕನೇ ತರಗತಿವರೆಗೆ. ಹೌದು, ಅಜ್ಜಿಯಷ್ಟೇ. 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ ಬಂತು. ಆಮೇಲೆ ಅರಿಂಜಯ, ಮಧುಸೂದನ ಅಂತ ಬೇರೆ ಪತ್ತೇದಾರರೂ ಬಂದ್ರು. ಒಟ್ಟು ಪತ್ತೇದಾರಿ ಕಾದಂಬರಿಗಳೇ 500ಕ್ಕೂ ಹೆಚ್ಚು. ತೀರಿಕೊಂಡಿದ್ದು 2011ರ ಡಿಸೆಂಬರ್‌ನಲ್ಲಿ.

ಅವರೊಬ್ಬರೇ ಅಲ್ಲ. ಹಳದಿ-ಕೆಂಪು ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿ ಕೂಡ ಪತ್ತೇದಾರಿ ಬರೀತಿದ್ರು. (ಇದು ಗೊತ್ತಿಲ್ದೇ ಪ್ರತಿ ನವೆಂಬರ್‌ನಲ್ಲಿ ಆ ಬಾವುಟ ಹಿಡಿದು ಫೋಟೋ ಹಾಕಿದ್ದೀನಿ ನಾನು.) ‘ಬಂಗಾರದ ಮನುಷ್ಯ’ ಸಿನಿಮಾಕ್ಕೆ ಕಾದಂಬರಿ ಕೊಟ್ಟ ಟಿ.ಕೆ. ರಾಮರಾವ್ ಅವರದ್ದೂ ಪತ್ತೇದಾರಿಯಲ್ಲಿ ದೊಡ್ಡ ಹೆಸರು. ಆದ್ರೆ ಅಜ್ಜಿ ಬಾಯಲ್ಲಿ ಬರೆದವರು ಯಾರೇ ಆಗಲಿ, ಪತ್ತೇದಾರಿ ಅಂದ್ರೆ ‘ನರಸಿಂಹಯ್ಯ’ನೇ.

ನಾನು ಮೂರ್ನಾಲ್ಕು ಓದಿದೆ. ನಿಜ ಹೇಳ್ಬೇಕಂದ್ರೆ ಒಂದರ ಹಾಗೆ ಇನ್ನೊಂದು ಅನ್ಸುತ್ತೆ. ಮೇಷ್ಟ್ರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದ್ರೆ ವಾಕ್ಯಗಳನ್ನ ನೋಡಿ: ಪುಟ್ಟವು, ಎಲ್ಲೂ ಎಡವೋ ಹಾಗಿಲ್ಲ. ನಾಲ್ಕನೇ ಕ್ಲಾಸ್ ಓದಿ ಪುಸ್ತಕ ಮುಚ್ಚಿಟ್ಟಿದ್ದ ಹುಡುಗಿಗೆ ಬುಡ್ಡಿ ದೀಪದಲ್ಲಿ 100 ಪುಟ ಒಂದೇ ಉಸಿರಿಗೆ ಮುಗಿಸೋಕೆ ಆಗಿದ್ದು ಅದರಿಂದಲೇ. ಕೂಲಿ ಲೈನ್ ಹೆಂಗಸರಿಗೂ ಅಜ್ಜಿ ಗಟ್ಟಿಯಾಗಿ ಓದಿ ಹೇಳ್ತಿದ್ರಂತೆ.

ಮುಂದೆ ಪಕ್ಕದ ಮೂಡಿಗೆರೆಯ ತೇಜಸ್ವಿ 1985ರಲ್ಲಿ ‘ಚಿದಂಬರ ರಹಸ್ಯ’ ಬರೆದ್ರು. ಅಲ್ಲೂ ಒಂದು ಸಾವು, ತನಿಖೆಗೆ ಬರೋ ಅಧಿಕಾರಿ, ಏಲಕ್ಕಿ ಮಲೆ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನ ಮನೆಗೆ ತಂದವರು ಅದೇ ಮೇಷ್ಟ್ರು! ಓದಿ ಮುಗಿಸಿದ ಅಜ್ಜಿ, “ಇದೂ ನರಸಿಂಹಯ್ಯನೇ ಕಣ್ ಭಾವ, ಆದ್ರೆ ಇವ್ನು ಕೈಗೆ ಸಿಗಲ್ಲ” ಅಂದ್ರಂತೆ. ಮೇಷ್ಟ್ರು ಸುಮ್ನಾದ್ರು.

(4/4)
ಈಗ ಟ್ರಂಕಿನ ಪುಸ್ತಕಕ್ಕೆ ಬರೋಣ. ಮೂರನೇ ಪುಟದಲ್ಲೇ ಪುರುಷೋತ್ತಮ ಬರ್ತಾನೆ, ಗುರುತು ಸಿಕ್ಕಿದ್ದು ಹಾಗೆ. ಕೊನೇ ಪುಟಗಳು ಅಂಗಡಿಯಲ್ಲೇ ಹರಿದು ಹೋಗಿದ್ವಂತೆ. ವಾಪಸ್ ಕೊಡೋಕೆ ಹೋದ್ರೆ ಅಂಗಡಿಯವರು “ಇದನ್ನ ಇನ್ಯಾರು ತಗೋತಾರೆ, ಇಟ್ಕೊಳ್ಳಿ ರೈಟ್ರೇ” ಅಂದ್ರಂತೆ. 50 ವರ್ಷ ಆಯ್ತು, ಕೊಲೆ ಮಾಡಿದ್ದು ಯಾರು ಅಂತ ಅಜ್ಜಿಗೆ ಇನ್ನೂ ಗೊತ್ತಿಲ್ಲ.

ಹಾಸನದ ಹಳೇ ಪುಸ್ತಕದಂಗಡಿಯಲ್ಲಿ ಕೇಳಿದೆ, ಇಲ್ಲ. ಮಲೆನಾಡಿನ ತೇವಕ್ಕೆ ಆ ಕಾಲದ ಅಗ್ಗದ ಕಾಗದ ಎಷ್ಟು ದಿನ ತಡೆಯುತ್ತೆ? ಹೆಸರೇ ಗೊತ್ತಿಲ್ಲದ ಪುಸ್ತಕನ ಹುಡುಕೋದಾದ್ರೂ ಹೇಗೆ? ನನಗೂ ಕೊನೆಗೆ “ನರಸಿಂಹಯ್ಯ ಇದ್ಯಾ?” ಅಂತಲೇ ಕೇಳಬೇಕಾಯ್ತು.

ನಿಮ್ಮನೆ ಅಟ್ಟದ ಮೇಲೆ, ಟ್ರಂಕಲ್ಲಿ ಇದ್ರೆ ಪುರುಷೋತ್ತಮ ಇರೋ ಪುಸ್ತಕಗಳ ಮೊದಲ ಪುಟದ ಫೋಟೋ ತೆಗೆದು ಕಳಿಸ್ತೀರಾ? ಕೊಲೆಗಾರ ಆ ಮನೆಯ ವಕೀಲ ಅಂತ ಅಜ್ಜಿ. ನನ್ನ ಅನುಮಾನ ಅಡುಗೆಯವನ ಮೇಲೆ.

#ನಮ್ಮಸಕಲೇಶಪುರ #ಅಜ್ಜಿಯಟ್ರಂಕು